ಕಲಾಯಿ ಹನೀಫ್ ನೀರು ಹೊಯ್ದ ಗಿಡ

ಅಜ್ಜಂಪುರದ ಸ್ಟೇಷನ್ ರಸ್ತೆಗೆ ಬಂದು ಮಹಮ್ಮದ್ ಹನೀಫ್ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಲಾಯಿ ಹನೀಫ್ ಅನ್ನಬೇಕು. ಆಗ ಕೊಡ ಹೊತ್ತು ಹೋಗುವ ಹೆಂಗಸೂ ನಿಂತು ಗದ್ದದಿಂದ ತೋರಿಸುವಳು: ಅಗೋ, ಹೊಗೆ ಏಳ್ತಾ ಐತಲ್ಲ, ಅದೇ.

ನೆಲದಲ್ಲೊಂದು ಗುಂಡಿ, ಗುಂಡಿಯಲ್ಲಿ ಇದ್ದಿಲು, ಪಕ್ಕದಲ್ಲಿ ತಿದಿ. ಅಂಗಡಿ ಅಂದರೆ ಅಷ್ಟೆ. ಪಾತ್ರೆ ಚೆನ್ನಾಗಿ ಕಾದ ಮೇಲೆ ಒಂದು ಚಿಟಿಕೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದನೆಂದರೆ ಒಳಮೈ ಕನ್ನಡಿಯಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಮನೆಮನೆಗೂ ಸ್ಟೀಲ್ ಪಾತ್ರೆ ಬಂತು, ಆದರೂ ಹನೀಫನಿಗೆ ಕೆಲಸ ತಪ್ಪಲಿಲ್ಲ. ಮಠದ ಕೊಳಗ, ಮದುವೆಯ ಹಂಡೆ, ಅಜ್ಜಿಯರು ಬಿಟ್ಟುಕೊಡದ ಹಿತ್ತಾಳೆ ತಪ್ಪಲೆ, ಎಲ್ಲ ಅವನ ಹತ್ತಿರವೇ ಬರಬೇಕು.

ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಕಿಲುಬು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಲಾಯಿ ಹೋದ ಹಿತ್ತಾಳೆಗೆ ಹುಳಿ ತಾಗಿ ವಿಷದ ಹಸಿರು ಪೊರೆ ಕಟ್ಟುತ್ತದಲ್ಲ, ಅದು. ಅಂಥ ಪಾತ್ರೆ ತಂದವರು ಯಾರೇ ಆಗಲಿ ಬೈಸಿಕೊಂಡೇ ಹೋಗಬೇಕು.

“ಇದ್ರಲ್ಲಿ ಸಾರು ಕಾಯ್ಸಿದ್ಯೇನಮ್ಮಾ? ಥೂ! ಗಂಡ ಬೇಡ್ವಾ ನಿಂಗೆ?”

“ಬೇಡ ಕಣೋ ಹನೀಫಾ, ನೀನೇ ಇಟ್ಕೋ,” ಅಂದುಬಿಟ್ಟಿದ್ದಳು ಗುರುಶಾಂತಮ್ಮ ಅನ್ನುವ ಮುದುಕಿ. ಪಕ್ಕದ ಎಲೆ ಅಡಿಕೆ ಅಂಗಡಿಯ ಈರಭದ್ರಪ್ಪ ನಗುವುದಕ್ಕೆ ಹೋಗಿ ಅಡಿಕೆ ಗಂಟಲಿಗೆ ಸಿಕ್ಕಿಸಿಕೊಂಡಿದ್ದ.

ಇಂಥ ಮನುಷ್ಯ ತಾನೇ ಕೈಯಾರೆ ಕಿಲುಬು ಸಾಕಿದ. ತನ್ನ ಒಬ್ಬಳೇ ತಂಗಿಯ ಮನೆಯ ಹಿತ್ತಿಲಲ್ಲಿ, ಬಿಂದಿಗೆ ಬಿಂದಿಗೆ ನೀರು ಹೊಯ್ದು ಸಾಕಿದ.

ತಂಗಿ ನಜೀರಾಳ ಗಂಡ ಮುನೀರ್ ಪಾಷಾ ಲಾರಿ ಡ್ರೈವರು. ತರೀಕೆರೆಯಿಂದ ಮಂಗಳೂರಿಗೆ ಹೆಂಚು ತರಲು ಹೋಗಿ ಬರುತ್ತಿದ್ದವನು. ಘಾಟಿಯಲ್ಲಿ ಅವನು ಸ್ಟಿಯರಿಂಗ್ ಹಿಡಿದರೆ ಪಕ್ಕದಲ್ಲಿದ್ದವನು ನಿಶ್ಚಿಂತೆಯಿಂದ ಗೊರಕೆ ಹೊಡೆಯಬಹುದಿತ್ತು. ಮಾತು ಕಡಿಮೆ. ಹೆಂಡತಿ ಬಡಿಸಿದ್ದನ್ನು ತಿಂದು, ತಟ್ಟೆ ತಾನೇ ತೊಳೆದಿಡುವ ಗಂಡಸು. ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಎಪ್ಪತ್ತೈದರಲ್ಲಿ ಬೊಂಬಾಯಿಯ ಏಜೆಂಟನೊಬ್ಬ ಅವನನ್ನು ಯೆಮೆನ್ ದೇಶಕ್ಕೆ ಕಳಿಸಿದ. ಅಲ್ಲಿ ಸಮುದ್ರದ ದಂಡೆಯಿಂದ ಬೆಟ್ಟದ ಮೇಲಿನ ಊರಿಗೆ ಟ್ಯಾಂಕರ್ ಓಡಿಸುವ ಕೆಲಸ. ನಜೀರಾ ಆರು ವರ್ಷ ಕಾದಳು. ಮಕ್ಕಳಾಗಿರಲಿಲ್ಲ, ಕಾಯುವುದೇ ಅವಳಿಗೆ ಸಂಸಾರವಾಗಿತ್ತು.

ಎಂಬತ್ತೊಂದರಲ್ಲಿ ಮುನೀರ್ ರೈಲಿನಿಂದ ಇಳಿದ. ಕೈಯಲ್ಲಿ ರೇಡಿಯೋ, ಟೇಪ್ ಎರಡೂ ಇರುವ ಟೂ-ಇನ್-ಒನ್, ಹೆಗಲಿಗೆ ಕಂಬಳಿ, ಕೊರಳಿಗೆ ಒಂದು ಥರ್ಮಾಸ್ ಫ್ಲಾಸ್ಕು. ಅತ್ತರು ಇರಬೇಕು ಅಂದುಕೊಂಡರು ಓಣಿಯವರು. ಮುಚ್ಚಳ ತೆಗೆದರೆ ಒದ್ದೆ ಬಟ್ಟೆ ಸುತ್ತಿದ ಎರಡು ಕಡ್ಡಿ! ಬೇರು ಬಿಟ್ಟಿದ್ದ ಕಡ್ಡಿಗಳು. ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಿಲಿಗೆ ಹೋಗಿ ಅವನ್ನು ನೆಟ್ಟ.

“ಏನೋ ಇದು?” ಅಂದ ಹನೀಫ್.

“ಖಾತ್,” ಅಂದ ಮುನೀರ್.

ಅಲ್ಲೇ ಎಡವಟ್ಟಾಯಿತು. ಈ ಕಡೆಯ ಸಾಬರ ಮನೆಮಾತಿನಲ್ಲಿ ಕಾತ್ ಅಂದರೆ ಕಾಚು. ಎಲೆ ಅಡಿಕೆಗೆ ಹಚ್ಚುವ ಕೆಂಪು ಕಾಚು. ಕಾಚು ಯಾವುದೋ ಮರದಿಂದ ಬರುತ್ತದೆ ಅಂತ ಹನೀಫ್ ಕೇಳಿದ್ದ, ಮರ ನೋಡಿರಲಿಲ್ಲ. ಮೂವತ್ತು ವರ್ಷದಿಂದ ಕಾಚು ಮಾರುತ್ತಿದ್ದ ಈರಭದ್ರಪ್ಪನೂ ನೋಡಿರಲಿಲ್ಲ. ಒಂದು ಅಕ್ಷರದ ಉಸಿರು ಹೆಚ್ಚೋ ಕಡಿಮೆಯೋ ಯಾರು ಲೆಕ್ಕ ಇಡುತ್ತಾರೆ? ಮುನೀರ್ ಪಾಷಾ ಅರಬರ ದೇಶದಿಂದ ಕಾಚಿನ ಮರ ತಂದಿದ್ದಾನೆ ಅಂತ ಊರೆಲ್ಲ ಸುದ್ದಿಯಾಯಿತು. ಗಿಡ ಮೊಣಕಾಲೆತ್ತರ ಆದಾಗ ಈರಭದ್ರಪ್ಪ ಒಂದು ಟೊಂಗೆ ತಂದು ಶರಬತ್ತಿನ ಬಾಟಲಿಯಲ್ಲಿ ನೀರು ತುಂಬಿ ಅಂಗಡಿಯ ಮುಂದೆ ಇಟ್ಟ, ಬಾಡಿದಾಗಲೆಲ್ಲ ಹೊಸದು ತಂದು ಹಾಕಿದ. ಬಂದ ಗಿರಾಕಿಗೆಲ್ಲ “ಕಾಚು ತಿಂತೀರಲ್ರೀ, ನೋಡ್ರಿ ಅದರ ಅಪ್ಪನ್ನ” ಅನ್ನುತ್ತಿದ್ದ.

ಕರಿಮಣ್ಣು, ಬಚ್ಚಲ ನೀರು. ಎಂಬತ್ಮೂರರ ಹೊತ್ತಿಗೆ ಗಿಡ ಎದೆಯ ಮಟ್ಟ ಬೆಳೆದು ಪೊದೆಯಾಯಿತು. ಚಿಗುರು ಕೆಂಪಗೆ, ಎಲೆ ನುಣ್ಣಗೆ. ನೋಡಲು ಏನೂ ಕೆಟ್ಟದ್ದಿರಲಿಲ್ಲ. ನೋಡಲಾಗದೆ ಇದ್ದದ್ದು ಅದು ಮುನೀರನ ಬಾಯಿಗೆ ಹೋದ ಮೇಲೆ.

ಮಧ್ಯಾಹ್ನದ ಊಟವಾದ ಮೇಲೆ ಚಿಗುರು ಕಿತ್ತು ಮಡಿಲು ತುಂಬ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಒಂದೊಂದೇ ಎಲೆ ಬಾಯಿಗೆ. ನುಂಗುವಂತಿಲ್ಲ, ಉಗಿಯುವಂತಿಲ್ಲ, ಅಗಿದದ್ದನ್ನೆಲ್ಲ ಎಡಗೆನ್ನೆಗೆ ಒತ್ತರಿಸಿ ಇಟ್ಟುಕೊಳ್ಳಬೇಕು. ಸಂಜೆ ನಾಲ್ಕರ ಹೊತ್ತಿಗೆ ಕೆನ್ನೆ ಲಿಂಬೆಹಣ್ಣಿನ ಗಾತ್ರ ಊದಿ, ಚರ್ಮ ಬಿಗಿದು, ತುಟಿಯ ಸಂದಿಯಿಂದ ಹಸಿರು ರಸ ಗದ್ದಕ್ಕಿಳಿಯುತ್ತಿತ್ತು. ಅದನ್ನು ಅಂಗೈಯಲ್ಲಿ ಒರೆಸಿ ಅಂಗೈಯನ್ನು ಲುಂಗಿಗೆ ಒರೆಸುತ್ತಿದ್ದ. ತಟ್ಟೆ ತೊಳೆದಿಡುತ್ತಿದ್ದ ಅದೇ ಮನುಷ್ಯ. ಹಲ್ಲಿನ ಬುಡಕ್ಕೆಲ್ಲ ಹಸಿರು ಪಾಚಿ. ಹನೀಫ್ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಥೂ! ಕಲಾಯಿ ಹೋದ ತಪ್ಪಲೆ ಆಗೈತೆ ಕಣೋ ನಿನ್ ಬಾಯಿ. ಉಗಿಯೋ ಅತ್ಲಾಗೆ!”

ಮುನೀರ್ ನಕ್ಕ. ಬಾಯಿ ತೆರೆದು ನಕ್ಕ. ಅದು ಇನ್ನೂ ಅಸಹ್ಯ.

ಇದರ ಜೊತೆಗೆ ಮಾತು. ಆರು ವರ್ಷದ ಮಾತೆಲ್ಲ ಒಟ್ಟಿಗೆ ಬಂದಂತೆ! ಅಲ್ಲಿನ ಬೆಟ್ಟ, ಅಲ್ಲಿನ ತಿರುವು, ಗಂಡಸರೆಲ್ಲ ಮಧ್ಯಾಹ್ನ ಸಾಲಾಗಿ ದಿಂಬಿಗೊರಗಿ ಎಲೆ ಅಗಿಯುವ ಕೋಣೆ. ಆ ಎಲೆ ಅಗಿದರೆ ಎರಡು ದಿನ ನಿದ್ದೆ ಇಲ್ಲದೆ ಟ್ಯಾಂಕರ್ ಓಡಿಸಬಹುದಂತೆ. ಕೇಳಲಿಕ್ಕೆ ನಾಲ್ಕಾರು ಸೋಮಾರಿಗಳು ಜಗಲಿಗೆ ಕೂಡಿಕೊಂಡರು. ಟೂ-ಇನ್-ಒನ್ ಹಾಕಿಸಿಕೊಳ್ಳುವುದು, ನಜೀರಾಳಿಂದ ಚಹಾ ಮಾಡಿಸಿಕೊಳ್ಳುವುದು, ತಾವೂ ಎರಡು ಚಿಗುರು ಅಗಿಯುವುದು, ಕಹಿ ಅಂತ ಗೋಡೆಯ ಬುಡಕ್ಕೆ ಉಗಿಯುವುದು. ಗೋಡೆಯ ಸುಣ್ಣಕ್ಕೆ ಆ ಉಗುಳಿನ ಗೆರೆ ಇಳಿದು ಒಣಗಿ ನೊಣ ಮುತ್ತುತ್ತಿತ್ತು. ಅವರಿಗೇನೂ ಆಗಲಿಲ್ಲ. ಕೆಲಸಗೇಡಿಗಳಾಗಿ ಬಂದರು, ಕೆಲಸಗೇಡಿಗಳಾಗೇ ಹೋದರು. ಆದದ್ದೆಲ್ಲ ಮುನೀರನಿಗೆ.

ಸಂಜೆ ಎಲೆ ಮುಗಿಯುತ್ತಿದ್ದಂತೆ ಮಾತು ನಿಂತುಹೋಗುವುದು. ಬಲ್ಬು ಕಿತ್ತ ಹಾಗೆ. ಮೂಲೆಯಲ್ಲಿ ಮುದುಡಿ ಕೂತು ಉಗುರು ಕಚ್ಚುವುದು. ಊಟ ಬೇಡ, ನಿದ್ದೆ ಇಲ್ಲ. ಲಾರಿ ಕೆಲಸಕ್ಕೆ ಕರೆದರೆ ನಾಳೆ ಅನ್ನುವುದು. ಮೊದಲು ಮಧ್ಯಾಹ್ನವಿದ್ದ ಎಲೆ ಬೆಳಿಗ್ಗೆಗೂ ಬಂತು. ಎಂಬತ್ನಾಲ್ಕರ ಮಳೆಗಾಲಕ್ಕೆ ಮುಂಚೆ ಒಂದು ದಿನ ನಜೀರಾ ಅಣ್ಣನ ಅಂಗಡಿಗೆ ಬಂದು ನಿಂತಳು.

“ಭಾಯ್, ಅವರು ಟೇಪ್‌ನಲ್ಲಿ ಯಾರೋ ತಮ್ಮನ್ನೇ ಬೈತಾರೆ ಅಂತಾರೆ.”

“ಯಾವ್ ಕ್ಯಾಸೆಟ್ಟು ಹಾಕಿದ್ದ?”

“ಕ್ಯಾಸೆಟ್ಟೇ ಇರಲಿಲ್ಲ ಭಾಯ್. ಕರೆಂಟೂ ಇರಲಿಲ್ಲ.”

ಆಮೇಲೆ ಅನುಮಾನ ಶುರುವಾಯಿತು. ರಸ್ತೆಯಲ್ಲಿ ಇಬ್ಬರು ನಿಂತು ಮಾತಾಡಿದರೆ ತನ್ನ ಬಗ್ಗೆಯೇ. ರೈಲು ಕೂಗಿದರೆ ತನ್ನನ್ನು ಹಿಡಿಯಲು ಬಂದವರಿಗೆ ಸನ್ನೆ. ಕೊನೆಗೆ ಅನ್ನಕ್ಕೆ ಬಂತು. ನಜೀರಾ ಬಡಿಸಿದ ತಟ್ಟೆ ಮೂಸಿ ನೋಡಿ ದೂಡುತ್ತಿದ್ದ. ವಿಷ ಎಲ್ಲಿದೆ ಅಂತ ಹುಡುಕಿ ಹುಡುಕಿ, ಪಾತ್ರೆಯ ಒಳಮೈಯಲ್ಲಿದೆ ಅಂತ ಕಂಡುಹಿಡಿದ. ಪಾತ್ರೆಗೆ ಕಲಾಯಿ ಹಾಕುವವನು ಯಾರು?

ಸಂತೆಯ ದಿನ, ಹತ್ತೂ ಹಳ್ಳಿಯವರು ನೆರೆದಿದ್ದಾಗ, ಮುನೀರ್ ಅಡಿಗೆ ಮನೆಯ ತಪ್ಪಲೆಗಳನ್ನೆಲ್ಲ ಗೋಣಿಯಲ್ಲಿ ತುಂಬಿ ತಂದು ಹನೀಫನ ಅಂಗಡಿಯ ಮುಂದೆ ಸುರಿದ.

“ನೋಡ್ರೋ! ನನ್ ಭಾವಮೈದ ತವರ ಹಾಕಲ್ಲ, ಸೀಸ ಹಾಕ್ತಾನೆ! ನನ್ನ ಕೊಂದು ತಂಗೀನ ಮನೆಗೆ ಕರ್ಕೋತಾನಂತೆ. ನಿಮ್ಮನ್ನೂ ಕೊಲ್ತಾನೆ ಕಣ್ರೋ!”

ಕೆನ್ನೆಯಲ್ಲಿ ಹಸಿರು ಉಂಡೆ ಹಾಗೇ ಇತ್ತು. ಅರಚಿದ ಹಾಗೆಲ್ಲ ಹಸಿರು ಹನಿ ಹಾರಿ, ಹನೀಫ್ ಆಗತಾನೇ ಒರೆಸಿಟ್ಟ ಒಂದು ಕೊಳಗದ ಬೆಳ್ಳನೆಯ ಒಳಮೈಗೆ ಬಿತ್ತು. ಹನೀಫ್ ಎದ್ದು ಅವನ ಕಪಾಳಕ್ಕೆ ಬಾರಿಸಿದ. ಉಂಡೆ ಹೊರಬಿತ್ತು. ಜನ ಹೋ ಅಂದರು. ಅವನನ್ನು ತಡೆದವನು ಈರಭದ್ರಪ್ಪ: “ಬಿಡೋ ಹನೀಫಾ, ತಲೆ ಕೆಟ್ಟೈತೆ ಅವನಿಗೆ. ಡಾಕ್ಟ್ರಿಗೆ ತೋರ್ಸು.”

ಶಿವಮೊಗ್ಗದಲ್ಲಿ ಮನಸ್ಸಿನ ಕಾಯಿಲೆ ನೋಡುವ ಒಬ್ಬ ಡಾಕ್ಟರ ಆಸ್ಪತ್ರೆ, ಎಂಟು ಮಂಚದ್ದು. ಡಾಕ್ಟರು ತಾಳ್ಮೆಯಿಂದಲೇ ಕೇಳಿದರು. ಹಿಂದೆ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ? ತಲೆಗೆ ಪೆಟ್ಟು ಬಿದ್ದಿತ್ತೇ? ಕುಡಿಯುತ್ತಾರೆಯೇ? ಗಾಂಜಾ?

“ಛೇ ಛೇ, ಅಂಥ ಮನೆಯಲ್ಲ ಸಾರ್ ನಮ್ದು,” ಹನೀಫ್ ಸಿಟ್ಟಾಗೇ ಹೇಳಿದ. “ಒಂದು ತೊಟ್ಟು ಮುಟ್ಟಿದೋನಲ್ಲ. ಅಗಿಯೋದೊಂದು ಗಲೀಜು ಐತೆ, ಕಾತ್.”

“ಕಾತ್ ಅಂದರೆ?”

“ಕಾಚು ಸಾರ್. ಎಲೆ ಅಡಿಕೆಗೆ ಹಾಕ್ತೀವಲ್ಲ.”

ಡಾಕ್ಟರು ತಲೆಯಾಡಿಸಿ ಚೀಟಿಯಲ್ಲಿ ಎಲೆ ಅಡಿಕೆ ಅಂತ ಬರೆದುಕೊಂಡರು. ಎಲೆ ಅಡಿಕೆ ಹಾಕದವರು ಈ ಸೀಮೆಯಲ್ಲಿ ಯಾರಿದ್ದಾರೆ?

ಮುನೀರನನ್ನು ಅಲ್ಲೇ ಸೇರಿಸಿಕೊಂಡರು, ನಜೀರಾ ಗಂಡನ ಜೊತೆಗೇ ಉಳಿದಳು. ಹೊರಡುವ ಅಣ್ಣನ ಕೈ ಹಿಡಿದು ಒಂದೇ ಮಾತು ಹೇಳಿದಳು: “ಆ ಗಿಡಕ್ಕೆ ನೀರು ಹುಯ್ಯಿ ಭಾಯ್. ಕೊರಳಿಗೆ ಕಟ್ಕೊಂಡು ತಂದಿದ್ದು. ಬಂದಾಗ ಒಣಗಿದ್ರೆ ಮನಸ್ಸಿಗೆ ಹಚ್ಕೋತಾರೆ.”

ಹನೀಫನಿಗೆ ಆ ಗಿಡ ಕಂಡರೆ ಹೇಸಿಗೆ. ಆದರೆ ಹೇಸಿಗೆಯಿದ್ದದ್ದು ಉಗುಳಿನ ಮೇಲೆ. ಅದು ತಲೆಗೇರುವ ಎಲೆ ಅಂತ ಅವನ ಮನಸ್ಸಿಗೆ ಬರಲೇ ಇಲ್ಲ. ತಂಗಿಯ ಮಾತು ಮೀರುವವನಲ್ಲ. ದಿನಾ ಬೆಳಿಗ್ಗೆ ಇದ್ದಿಲು ಹೊತ್ತಿಸುವ ಮೊದಲು ಬಾವಿಯಿಂದ ನಾಲ್ಕು ಬಿಂದಿಗೆ ಸೇದಿ ಹೊಯ್ದ. ಗುಂಡಿಯ ಬೂದಿಯನ್ನೂ ತಂದು ಬುಡಕ್ಕೆ ಹಾಕಿದ, ಗೊಬ್ಬರವಾಗಲಿ ಅಂತ.

ಇಪ್ಪತ್ತು ದಿನಕ್ಕೆ ಮುನೀರ್ ಬಂದ. ಹಳೆಯ ಮುನೀರನೇ. ಬಂದವನು ಭಾವಮೈದನ ಕಾಲು ಮುಟ್ಟಲು ಬಗ್ಗಿದ. ಹೆಂಡತಿಯ ಕೈಯಡಿಗೆ ಎರಡು ಸಲ ಬಡಿಸಿಕೊಂಡು ತಿಂದ. ನಜೀರಾಳ ಮುಖದಲ್ಲಿ ಹತ್ತು ವರ್ಷ ಹಿಂದಿನ ಕಳೆ. ಮಾತ್ರೆ ಹಿಡಿಯಿತು ಅಂದರು ಎಲ್ಲರೂ. ಹಿತ್ತಿಲಲ್ಲಿ ಗಿಡ ಮೈತುಂಬ ಚಿಗುರಿ ನಿಂತಿತ್ತು.

ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಎರಡು ಚಿಗುರು. ಮರುದಿನ ಒಂದು ಹಿಡಿ. ದೀಪಾವಳಿಯ ಹೊತ್ತಿಗೆ ಮತ್ತೆ ಅದೇ ಕೆನ್ನೆ, ಅದೇ ಪಾಚಿ, ಅದೇ ಸೀಸ. ಸಂಕ್ರಾಂತಿ ಮುಗಿದ ವಾರ, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ತಪ್ಪಲೆಯನ್ನು ವಿಷ ಅಂತ ಎಳೆದು ಚೆಲ್ಲಿದ. ನಜೀರಾಳ ಎರಡೂ ಪಾದ ಬೆಂದವು.

ಹನೀಫ್ ಬಂದು ನೋಡಿದ. ಪಾದದ ಮೇಲೆ ಬೊಬ್ಬೆ, ಮೂಲೆಯಲ್ಲಿ ಗೊಣಗುತ್ತ ಅಗಿಯುತ್ತಿರುವ ಗಂಡ.

“ಎದ್ದೇಳೇ. ಸಾಕು ಈ ಹೊಲಸು. ನಮ್ಮನೆಗೆ ನಡಿ.”

“ಆಸ್ಪತ್ರೆಯಿಂದ ಬಂದಾಗ ಹದಿನೈದು ದಿನ ಸರಿಯಿದ್ರು ಭಾಯ್,” ಅಂದಳು ನಜೀರಾ. “ನೀನೂ ನೋಡಿದೀಯ. ಆ ಮನುಷ್ಯ ಒಳಗೆ ಎಲ್ಲೋ ಇದ್ದಾರೆ. ಇನ್ನೊಂದೇ ಸಲ ಕರ್ಕೊಂಡು ಹೋಗು. ಈ ಸಲವೂ ಕೆಟ್ರೆ ನೀನು ಕರೆಯೋದೇ ಬೇಡ, ನಾನೇ ಬತ್ತೀನಿ.”

ಹೀಗೆ ಎರಡನೆಯ ಸಲ ಶಿವಮೊಗ್ಗ. ಕುಂಟುತ್ತ ನಜೀರಾಳೂ ಹೋದಳು. ಹನೀಫ್ ಮತ್ತೆ ಬಾವಿಗೆ ಹಗ್ಗ ಬಿಟ್ಟ. ಬೈದುಕೊಂಡೇ ನೀರು ಹೊಯ್ದ.

ಅದೇ ದಿನಗಳಲ್ಲಿ ತರೀಕೆರೆ ಕಡೆಯ ಹೊನ್ನಯ್ಯ, ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು, ಮಗಳ ಮದುವೆಯ ಹಂಡೆಗೆ ಕಲಾಯಿ ಹಾಕಿಸಲು ಬಂದ. ಹಂಡೆ ಕಾಯುವಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತ. ಈರಭದ್ರಪ್ಪ ಬಾಟಲಿ ಮುಂದೆ ದೂಡಿ ತನ್ನ ಹಳೆಯ ಮಾತು ಆಡಿದ.

“ನೋಡ್ರಿ, ಕಾಚಿನ ಅಪ್ಪ.”

ಹೊನ್ನಯ್ಯ ಟೊಂಗೆ ಎತ್ತಿ ಹಿಂದೆ ಮುಂದೆ ನೋಡಿ, ಬಾಯಿ ತುಂಬ ಇದ್ದ ರಸ ಉಗಿದು ಬಂದು ನಕ್ಕ.

“ಯಾವನ್ರೀ ನಿಮಗೆ ಹಿಂಗೆ ಟೋಪಿ ಹಾಕಿದ್ದು? ಮೂವತ್ತು ವರ್ಷ ಕಾಡು ಕಾದೀನಿ. ಕಾಚು ಬರೋದು ಕಗ್ಗಲಿ ಮರದಿಂದ. ಮೈಯೆಲ್ಲ ಮುಳ್ಳು, ಹುಣಸೆ ಥರ ಸಣ್ಣೆಲೆ. ಅದರ ಒಳಗಿನ ಗಟ್ಟಿ ಚೇಗು ಸೀಳಿ, ಕುದಿಸಿ ಕಾಚು ಮಾಡ್ತಾರೆ. ಎಲೆಯಿಂದ ಎಲ್ರೀ ಕಾಚು? ಇದಕ್ಕೆ ಮುಳ್ಳೆಲ್ಲೈತೆ?”

“ಅರಬರ ಕಾಚು ಕಣ್ರೀ ಅದು,” ಅಂದ ಈರಭದ್ರಪ್ಪ, ಸೋಲಲು ಮನಸ್ಸಿಲ್ಲದೆ.

“ಅಗಿದ್ರೆ ಬಾಯಿ ಕೆಂಪಾಗುತ್ತೇನು?”

ತಿದಿಯ ಸದ್ದು ನಿಂತಿತು. ಹನೀಫ್ ಕೂತಲ್ಲೇ ಕೂತಿದ್ದ. ಕಾಚು ಬಾಯಿ ಕೆಂಪು ಮಾಡುತ್ತದೆ. ಊರಿನ ಪ್ರತಿ ಬಾಯಿಯೂ ಕೆಂಪು, ಪ್ರತಿ ಗೋಡೆಯೂ ಕೆಂಪು. ಮುನೀರನ ಬಾಯಿ ಎರಡು ವರ್ಷದಿಂದ ಹಸಿರು. ಹಸಿರು ಕಂಡರೆ ಉರಿದುಬೀಳುವವನಿಗೆ ಅಷ್ಟು ತಿಳಿಯಲಿಲ್ಲ.

“ಹಂಡೆ ಸುಡ್ತಾ ಐತೆ ಕಣೋ!” ಈರಭದ್ರಪ್ಪ ಕೂಗಿದ. ಹನೀಫ್ ಅದನ್ನು ಇಕ್ಕಳದಲ್ಲಿ ಕೆಳಗಿಳಿಸಿ, ಬಾಟಲಿಯಿಂದ ಟೊಂಗೆ ಕಿತ್ತುಕೊಂಡು, ಮಸಿ ಕೈಯಲ್ಲೇ ತರೀಕೆರೆ ಬಸ್ಸಿಗೆ ಓಡಿದ. ಅಲ್ಲಿಂದ ಶಿವಮೊಗ್ಗ.

ಡಾಕ್ಟರು ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. “ನೀವು ಕಾಚು ಅಂದಿರಿ.”

“ಅಂದೆ ಸಾರ್. ನಾನೇ ಅಂದೆ.”

“ಎಲ್ಲಿಂದ ತಂದದ್ದು?”

ಹನೀಫ್ ಫ್ಲಾಸ್ಕಿನ ಕತೆಯೆಲ್ಲ ಹೇಳಿದ. ಡಾಕ್ಟರು ಒಳಗೆ ಹೋಗಿ ದಪ್ಪ ಪುಸ್ತಕವೊಂದನ್ನು ತಿರುವಿ ಬಂದರು.

“ಖಾತ್. ಆ ಕಡೆ ಜನ ಅಗಿಯುವ ಎಲೆ. ನಿದ್ದೆ, ಹಸಿವು ಓಡಿಸುತ್ತದೆ. ಬಹಳ ಅಗಿದ ಕೆಲವರಿಗೆ ಹೀಗೆ ದನಿ ಕೇಳುವುದು, ಅನುಮಾನ ಬರುವುದು ಆಗಬಹುದು ಅಂತ ಬರೆದಿದ್ದಾರೆ. ಎಲ್ಲರಿಗೂ ಆಗುವುದಿಲ್ಲ. ಇವರಿಗೆ ಎಲೆಯೇ ತಂದಿತೋ, ಒಳಗೆ ಮೊದಲೇ ಇದ್ದದ್ದನ್ನು ಎಲೆ ಎಬ್ಬಿಸಿತೋ, ನಾನು ಆಣೆ ಮಾಡಿ ಹೇಳಲಾರೆ. ಆದರೆ ಒಂದು ನೋಡಿ. ಇಲ್ಲಿ ಎಲೆ ಇಲ್ಲ, ಇಲ್ಲಿ ಸರಿಹೋಗುತ್ತಾರೆ. ಮನೆಗೆ ಹೋದರೆ ಕೆಡುತ್ತಾರೆ. ಹೋದ ಸಲ ಇಪ್ಪತ್ತು ದಿನ ಯಾರೂ ಇರಲಿಲ್ಲವಲ್ಲ, ಗಿಡ ಒಣಗಲಿಲ್ಲವೇ? ಯಾರು ನೀರು ಹಾಕಿದರು?”

ಬಾಗಿಲಲ್ಲಿ ನಿಂತಿದ್ದ ನಜೀರಾ ಸೆರಗು ಬಾಯಿಗೆ ಒತ್ತಿಕೊಂಡಳು.

“ನಾನು ಹೇಳ್ದೆ,” ಅಂದಳು.

“ನಾನು ಹುಯ್ದೆ,” ಅಂದ ಹನೀಫ್.

ವಾಪಸು ಬರುವಾಗ ಬಸ್ಸಿನಲ್ಲಿ ಅಂಗೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. ಮುನೀರನ ಬಾಯಿ, ಸೋಮಾರಿಗಳ ಉಗುಳು, ಗೋಡೆಯ ನೊಣ, ಇಷ್ಟು ದಿನ ಅಸಹ್ಯಪಟ್ಟದ್ದೆಲ್ಲ ಈಗ ತನ್ನ ಕೈಗೇ ಅಂಟಿದ ಹಾಗಿತ್ತು. ಬಿಂದಿಗೆ ಎತ್ತಿದ ಕೈ. ಬೂದಿ ಹಾಕಿದ ಕೈ. ಸಂತೆಯಲ್ಲಿ ಕಪಾಳಕ್ಕೆ ಬಾರಿಸಿದ್ದೂ ಇದೇ ಕೈ.

ಮರುದಿನ ಬೆಳಗಾಗುತ್ತಲೇ ಕೊಡಲಿ, ಹಾರೆ ತೆಗೆದುಕೊಂಡು ಹಿತ್ತಿಲಿಗೆ ಹೋದ. ಕಡಿದರೆ ಮುಗಿಯುವ ಗಿಡವಲ್ಲ, ಬುಡದಿಂದ ಮತ್ತೆ ಒಡೆಯುತ್ತದೆ ಅಂತ, ಹಂಡೆಗಾಗಿ ರಾತ್ರಿ ಕಾದಿದ್ದ ಹೊನ್ನಯ್ಯ ಅಂದಾಜು ಹೇಳಿದ್ದ. ಮೊಳಕೈ ಆಳ ಅಗೆದು ಬೇರು ಬೇರು ಕಿತ್ತ. ತಾನು ಹೊಯ್ದ ನೀರಿಗೆ ಬೇರು ಕೊಬ್ಬಿ ಹೆಬ್ಬೆರಳ ಗಾತ್ರವಾಗಿತ್ತು. ಗುಂಡಿಗೆ ಉಪ್ಪು ಸುರಿದು, ಅದರ ಮೇಲೆ ತಿಂಗಳಿಗಾಗುವಷ್ಟು ನವಸಾಗರ ಸುರಿದ. ಸೊಪ್ಪು ಕಡ್ಡಿಯನ್ನೆಲ್ಲ ಅಂಗಡಿಗೆ ಹೊತ್ತು ತಂದು ಇದ್ದಿಲ ಗುಂಡಿಗೆ ಹಾಕಿ ತಿದಿ ಒತ್ತಿದ. ಹಸಿ ಸೊಪ್ಪು ಬುಸುಗುಟ್ಟಿ, ನಾರುವ ಹೊಗೆ ಇಡೀ ರಸ್ತೆಗೆ ಕವಿಯಿತು.

“ಏನೋ ಸುಡ್ತಾ ಇದೀಯ ಹೆಣ ಸುಟ್ಟಂಗೆ?” ಈರಭದ್ರಪ್ಪ ಮೂಗು ಮುಚ್ಚಿಕೊಂಡ.

“ನಿನ್ನ ಕಾಚಿನ ಅಪ್ಪನ್ನ,” ಅಂದ ಹನೀಫ್. ಆ ಬಾಟಲಿಯನ್ನೂ ಎತ್ತಿ ಚರಂಡಿಗೆ ಎಸೆದ.

ಮುನೀರ್ ಬಂದ ದಿನ ಹನೀಫ್ ತಂಗಿಯ ಮನೆಯಲ್ಲೇ ಕಾದಿದ್ದ. ಮುನೀರ್ ನೇರ ಹಿತ್ತಿಲಿಗೆ ನಡೆದ. ಬಿಳಿಯ ಉಪ್ಪು ಮೆತ್ತಿದ ಗುಂಡಿಯ ಅಂಚಿನಲ್ಲಿ ನಿಂತ.

“ಗಿಡ ಎಲ್ಲಿ?”

“ಕಿತ್ತೆ. ನಾನೇ ಬೆಳೆಸಿದ್ದೆ, ನಾನೇ ಕಿತ್ತೆ. ಹೊಡಿಬೇಕು ಅಂದ್ರೆ ಹೊಡಿ.”

ಮುನೀರ್ ಹೊಡೆಯಲಿಲ್ಲ. ಗುಂಡಿಯಲ್ಲಿ ಇಳಿದು ಕೂತು ಅತ್ತ. ಹೊರಗೆ ಬಂದು ಚಾಪೆ ಹಾಸಿ ಮಲಗಿದ. ಎರಡು ವಾರ ಯಾರ ಮುಖವನ್ನೂ ನೋಡಲಿಲ್ಲ. ಎದ್ದರೆ ಉಂಡ, ಉಂಡರೆ ಮಲಗಿದ. ನಜೀರಾ ತವರುಮನೆಗೆ ಒಯ್ಯಬೇಕಾದ ಟ್ರಂಕು ಕಟ್ಟಿಯೇ ಇಟ್ಟಿದ್ದಳು. ಮೂರನೆಯ ವಾರ ಒಂದು ಮಧ್ಯಾಹ್ನ ಮುನೀರ್ ಊಟ ಮುಗಿಸಿ, ತಟ್ಟೆ ತಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟ. ಆ ಸದ್ದು ಕೇಳಿ ನಜೀರಾ ಟ್ರಂಕಿನ ಬಟ್ಟೆ ತೆಗೆದು ಗೂಟಕ್ಕೆ ಹಾಕಿದಳು.

ಅವನು ಕೆಟ್ಟ ಅವಸ್ಥೆಗೆ ಮತ್ತೆ ಹೋಗಲಿಲ್ಲ. ಆದರೆ ಪೂರ್ತಿ ಹಳೆಯ ಮುನೀರನೂ ಬರಲಿಲ್ಲ. ಘಾಟಿಯ ಕೆಲಸ ಬಿಟ್ಟು ಬೀರೂರು ಮಂಡಿಗೆ ಈರುಳ್ಳಿ ಸಾಗಿಸುವಷ್ಟಕ್ಕೆ ಲಾರಿ ಹಿಡಿದ. ಉಣ್ಣುವ ಮೊದಲು ಪಾತ್ರೆಯನ್ನು ಬೆಳಕಿಗೆ ವಾಲಿಸಿ ಒಳಗೆ ಇಣುಕಿ ನೋಡುವುದು ಮಾತ್ರ ಹೋಗಲಿಲ್ಲ. ಅದಕ್ಕೇ ಹನೀಫ್ ತಂಗಿಯ ತಪ್ಪಲೆಗಳಿಗೆ ತಿಂಗಳಿಗೊಮ್ಮೆ, ಬೇಕಿರಲಿ ಬೇಡವಿರಲಿ, ಹೊಸ ಕಲಾಯಿ ಹಾಕುವ ಪದ್ಧತಿ ಮಾಡಿಕೊಂಡ. ಆ ದಿನ ಮುನೀರನೇ ಪಾತ್ರೆ ಹೊತ್ತು ಬಂದು ತಿದಿ ಒತ್ತುತ್ತ ಎದುರಿಗೆ ಕೂರುತ್ತಿದ್ದ, ಎಲ್ಲವನ್ನೂ ಕಣ್ಣಾರೆ ನೋಡಿಕೊಂಡು.

“ಸೀಸ ಅಲ್ಲ ತಾನೆ?”

“ತವರ ಕಣೋ. ಕಚ್ಚಿ ನೋಡ್ತೀಯಾ?”

ಒಂದು ಸಲ ಹನೀಫ್ ಒರೆಸಿ ಕೊಟ್ಟ ತಪ್ಪಲೆಯೊಳಗೆ ಮುನೀರ್ ಮುಖ ತೂರಿಸಿ ಬಹಳ ಹೊತ್ತು ನೋಡಿದ.

“ಹಲ್ಲು ಇನ್ನೂ ಹಸಿರಾಗೇ ಐತೆ ಭಾಯ್.”

“ಥೂ, ನನಗ್ಯಾಕೆ ತೋರಿಸ್ತೀಯೋ ಆ ಹೊಲಸ್ನ,” ಅಂದ ಹನೀಫ್. ಗುಂಡಿಯ ಅಂಚಿನಿಂದ ತಣ್ಣಗಿನ ಬೂದಿ ಒಂದು ಹಿಡಿ ತೆಗೆದು ಅವನ ಅಂಗೈಗೆ ಹಾಕಿದ. “ಹೋಗು, ಚರಂಡಿ ಹತ್ರ ಹೋಗಿ ಉಜ್ಜು. ಹೋಗೋ ತನಕ ಉಜ್ಜು.”